ಎಣ್ಣೆ ಸಿಡಿದ ಮಧ್ಯಾಹ್ನ

ಸಯನ್, ಮುಂಬಯಿ
೨-೪-೧೯೫೭

ಪ್ರೀತಿಯ ಸೀನನಿಗೆ,

ನಿನ್ನ ಜ್ವರ ಪೂರ್ತಿ ಬಿಟ್ಟಿತೇ? ಹಾಸ್ಟೆಲಿನ ಊಟ ಸೇರುತ್ತಿಲ್ಲವೆಂದು ಬರೆದಿದ್ದೆ. ಗಂಜಿಯಾದರೂ ಸರಿ, ಹೊಟ್ಟೆ ತುಂಬ ಉಣ್ಣು. ಈ ಸಲ ಅಣ್ಣನ ಕೈಬರಹವಿಲ್ಲವೆಂದು ಗಾಬರಿಯಾಗಬೇಡ. ಅವರು ಪಕ್ಕದಲ್ಲೇ ಒರಗಿ ಕೂತಿದ್ದಾರೆ. ಎಡಗಣ್ಣಿಗೆ ಪಟ್ಟಿ ಕಟ್ಟಿದೆ, ಬಲಗಣ್ಣಿಗೆ ಅಕ್ಷರ ಕಾಣುತ್ತಿಲ್ಲ. ನಾನು ಬರೆದದ್ದನ್ನೆಲ್ಲ ಓದಿಸಿಕೊಂಡು ಕೇಳುತ್ತಾರೆ, ಮೊದಲಿನ ಹಾಗೆಯೇ ತಪ್ಪು ಹುಡುಕುತ್ತಾರೆ.

ಹದಿನೈದು ದಿನದ ಹಿಂದೆ, ಇವರು ಕೆಲಸ ಮಾಡುವ ಅಂಧೇರಿಯ ಗ್ಯಾರೇಜಿಗೆ ಒಬ್ಬ ಶೇಟರ ಅಮೆರಿಕದ ಕಾರು ಬಂದಿತ್ತು. ಒಳಗೆ ತಂಗಾಳಿ ಬೀಸುವ ಯಂತ್ರವಿರುವ ಕಾರು; ಇಡೀ ಮುಂಬಯಿಯಲ್ಲಿ ಅಂಥವು ಬೆರಳೆಣಿಕೆಯಷ್ಟಂತೆ. ಅದರಲ್ಲಿ ತಂಪು ಹುಟ್ಟಿಸುವ ಗ್ಯಾಸನ್ನು ಒತ್ತುವ ಕಂಪ್ರೆಸರಿಗೆ ಬೇರೆಯೇ ಎಣ್ಣೆ ಬೇಕು, ಎಷ್ಟು ತಣ್ಣಗಾದರೂ ಹೆಪ್ಪುಗಟ್ಟದಂಥದು. ಶೇಟರ ಡ್ರೈವರ್ ತಿಳಿಯದೆ ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಸುರಿದಿದ್ದ. ಅದು ಸಣ್ಣ ಕೊಳವೆಗಳಲ್ಲಿ ಮೇಣದಂತೆ ಕಟ್ಟಿಕೊಂಡು, ಕಂಪ್ರೆಸರ್ ಒಣಗಿ ಸುಟ್ಟುಹೋಗಿತ್ತು. ಹಾಗೆ ಸುಟ್ಟ ಎಣ್ಣೆ ಆಸಿಡ್ಡಿನಂತಾಗುತ್ತದೆ ಎಂದು ಇವರು ಈಗ ಹೇಳುತ್ತಾರೆ.

ಶೇಟರ ಮಗಳ ಮದುವೆ ಅಂದೇ ಸಂಜೆ. ಫೋರ್‌ಮನ್ ದೂಜಣ್ಣ, ನಮ್ಮ ಮುಲ್ಕಿಯವರೇ, “ಜಲ್ದಿ ಬಿಚ್ಚು ಮಾರಾಯ, ಶೇಟ್ ಬಾಗಿಲಲ್ಲೇ ನಿಂತಿದ್ದಾರೆ” ಎಂದರಂತೆ. “ಗ್ಯಾಸ್ ಪೂರಾ ಇಳಿಯಲಿ, ಸ್ವಲ್ಪ ತಡೀರಿ” ಎಂದರಂತೆ ಇವರು. “ಇಳಿದದ್ದು ಸಾಕು, ಬಿಚ್ಚು” ಎಂದು ಇನ್ನೊಮ್ಮೆ ಕೂಗಿದಾಗ ಇವರು ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದರು. ಉಳಿದಿದ್ದ ಗ್ಯಾಸ್ ಕರಿ ಎಣ್ಣೆಯನ್ನು ಮುಖಕ್ಕೆ ರಾಚಿತು. ಮೊದಲು ಮಂಜುಗಡ್ಡೆ ಒತ್ತಿದ ಹಾಗಿತ್ತಂತೆ, ಆಮೇಲೆ ಬರೀ ಬೆಂಕಿ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದವರೂ ದೂಜಣ್ಣನೇ.

ಎಡಗಣ್ಣು ಹೋಯಿತು, ಸೀನ. ಬಲಗಣ್ಣು ಬರುಬರುತ್ತಾ ತಿಳಿಯಾಗುತ್ತದೆ ಎಂದು ಇವರು ನಂಬಿದ್ದಾರೆ. ದೂಜಣ್ಣ ಸಂಜೆ ಎಳನೀರು ತಂದು ಚಾಳಿನ ಮೆಟ್ಟಿಲ ಮೇಲೆ ಕೂರುತ್ತಾರೆ, ಒಳಗೆ ಬರುವುದಿಲ್ಲ. ಇವರು ಕೆಮ್ಮಿನಲ್ಲೇ ಗುರುತು ಹಿಡಿದು “ಒಳಗೆ ಬನ್ನಿ ದೂಜಣ್ಣ, ನಾನೇನು ನುಂಗುತ್ತೇನಾ?” ಎಂದು ಕರೆಯುತ್ತಾರೆ. ಆ ಮನುಷ್ಯ ತಲೆ ತಗ್ಗಿಸಿಯೇ ಇರುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರ ಮುಖ ನೋಡಿದರೆ ಅದೂ ನಿಲ್ಲುವುದಿಲ್ಲ.

ಊರಲ್ಲಿ ಅಮ್ಮನಿಗೆ ಸದ್ಯ ಏನೂ ತಿಳಿಸಬೇಡ. “ಪರೀಕ್ಷೆ ಮುಗಿಸಿಯೇ ಬರಲಿ, ಒಂದು ವರ್ಷ ಹಾಳಾಗಬಾರದು” ಎಂದು ಅಣ್ಣ ಎರಡು ಸಲ ಹೇಳಿ ಬರೆಸಿದ್ದಾರೆ. ಧೈರ್ಯವಾಗಿರು, ಮಗು. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಮೇಲಿದೆ.

ಇತಿ, ನಿನ್ನ ಅತ್ತಿಗೆ
ಶೀಲಾವತಿ

ವಿ. ಸೂ.: ಇದನ್ನು ಅಂಚೆಪೆಟ್ಟಿಗೆಯ ಬಳಿ ನಿಂತು ಬರೆಯುತ್ತಿದ್ದೇನೆ, ಅವರಿಗೆ ಓದಿ ಹೇಳಿಲ್ಲ. ಬಲಗಣ್ಣೂ ಉಳಿಯುವುದಿಲ್ಲವೆಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಿನ್ನೆ ಇವರು ನನ್ನ ಹಸಿರು ಸೀರೆಯನ್ನು ಬೂದಿ ಬಣ್ಣದ್ದಾ ಎಂದು ಕೇಳಿದರು, ಹೌದು ಅಂದೆ. ಹತ್ತಿರ ಕೂತರೆ ಮುಖ ಇನ್ನೂ ಗುರುತಾಗುತ್ತದೆ. ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ. ಸಿಕ್ಕಿದ ಬಸ್ಸು ಹತ್ತಿ ಬಾ, ನಿನ್ನನ್ನೊಮ್ಮೆ ಅವರು ನೋಡಲಿ.