ಸ್ಕ್ರೂ ಬಿಚ್ಚಿದ್ದು ಯಾರು?

ಮಾರ್ಚ್ 3, ಸೋಮವಾರ. ಬೆಳಗ್ಗೆ 9.30

ಅಂಗಡಿ ತೆಗೆದೆ. ಕಸ ಗುಡಿಸಿದೆ. ಕಂಪ್ಯೂಟರ್ ಬಟನ್ ಒತ್ತಿದೆ. ಫ್ಯಾನ್ ಒಮ್ಮೆ ಗುರ್ ಎಂದು ನಿಂತಿತು. ಮತ್ತೆ ಒತ್ತಿದೆ... ಅದೇ ಕಥೆ. ಒಂಬತ್ತು ವರ್ಷದ ಕಸೂತಿ ಡಿಸೈನುಗಳೆಲ್ಲ ಅದರೊಳಗೇ ಇವೆ. ಶುಕ್ರವಾರ ಶಾಲೆಗೆ ಇನ್ನೂರು ಶರ್ಟಿನ ಜೇಬಿಗೆ ಲಾಂಛನ ಹಾಕಿ ಕೊಡಬೇಕು.

ಶನಿವಾರ ಚೆನ್ನಾಗಿಯೇ ಇತ್ತು. ಭಾನುವಾರ ಅಂಗಡಿ ಮುಚ್ಚಿತ್ತು. ಇನ್ನೊಂದು ಕೀ ಇರುವುದು ತಂಗಿಯ ಹತ್ತಿರ. ಸುಮ್ಮನೆ ಬರೆದಿಟ್ಟೆ, ಅಷ್ಟೇ.

ಸಂಜೆ

ರಿಪೇರಿಯವರು ಬಂದು ಡಬ್ಬ ತಿರುಗಿಸಿ ನೋಡಿದರು. “ಮೇಡಂ, ಸೈಡ್ ಪ್ಲೇಟಿಂದು ಒಂದು ಸ್ಕ್ರೂನೇ ಇಲ್ಲ. ಯಾರಾದ್ರೂ ಬಿಚ್ಚಿದ್ರಾ?”

ತಂಗಿಯೇ ನೆನಪಾದಳು. ಆರು ತಿಂಗಳ ಹಿಂದೆ ನನ್ನ ಅಂಗಡಿಯಿಂದ ಬೇರೆಯಾಗಿ, ಎದುರು ಸಾಲಿನಲ್ಲೇ ಅಂಗಡಿ ಇಟ್ಟವಳು. ಶಾಲೆಯ ಆರ್ಡರ್ ನನಗೆ ಸಿಕ್ಕಾಗ “ಒಳ್ಳೇದಾಯ್ತು ಬಿಡಕ್ಕ” ಎಂದಳು. ಎಷ್ಟು ನಯ! ಆಗಲೇ ಅನುಮಾನ ಬರಬೇಕಿತ್ತು.

ಮನೆಯಲ್ಲಿ ಇವರಿಗೆ ಹೇಳಿದರೆ, “ಅವಳಿಗೆ ಬಲ್ಬ್ ಬಿಚ್ಚೋಕೂ ಬರಲ್ಲ ಕಣೇ” ಎಂದು ನಕ್ಕರು. ಯಾವಾಗಲೂ ನಾದಿನಿಯ ಪರವೇ.

ಮಾರ್ಚ್ 5, ಬುಧವಾರ

ಕೇಳಿಯೇ ಬಿಟ್ಟೆ. ಅವಳ ಅಂಗಡಿಯಲ್ಲಿ, ಗಿರಾಕಿಗಳ ಮುಂದೆಯೇ.

“ಭಾನುವಾರ ನನ್ನ ಅಂಗಡಿಗೆ ಯಾಕೆ ಬಂದಿದ್ದೆ?”

“ಯಾರು, ನಾನಾ?”

“ಮತ್ತೆ ಸ್ಕ್ರೂ ತಾನಾಗೇ ಎದ್ದು ಹೋಯ್ತಾ? ಕೀ ಕೊಡು.”

ಕೀ ತಂದು ಟೇಬಲ್ ಮೇಲಿಟ್ಟಳು. ತಪ್ಪು ಮಾಡದವಳಾದರೆ ಜಗಳಕ್ಕೆ ಬರುತ್ತಿರಲಿಲ್ಲವೇ? ಊಟ ಸೇರಲಿಲ್ಲ.

ಮಾರ್ಚ್ 6, ಗುರುವಾರ. 12.00

ರಿಪೇರಿಗೆ ಹೋದ ಕಂಪ್ಯೂಟರ್ ಬಂತು. ಆನ್ ಆಯಿತು! ಡಿಸೈನು ಒಂದೂ ಹೋಗಿಲ್ಲ. ಅಬ್ಬಾ...

ರಿಪೇರಿಯವರು ಚೀಟಿಯಲ್ಲಿ ಸುತ್ತಿದ್ದ ಗುಂಡುಪಿನ್ನು ಕೊಟ್ಟರು. ನೀಲಿ ತಲೆಯದು. “ಇದು ಒಳಗೆ ಬೋರ್ಡ್ ಮೇಲೆ ಬಿದ್ದು ಶಾರ್ಟ್ ಆಗ್ತಿತ್ತು. ಸ್ಕ್ರೂ ಇಲ್ದೆ ಪ್ಲೇಟ್ ಸಡಿಲ ಇತ್ತಲ್ಲ, ಸಂದಿಯಿಂದ ಜಾರಿದೆ. ಪಿನ್ನಿನ ಡಬ್ಬಿ ಅದ್ರ ಮೇಲೆ ಇಡ್ಬೇಡಿ ಮೇಡಂ.”

ಪಿನ್ನು ನನ್ನದೇ. ಇರಲಿ. ಸ್ಕ್ರೂ ಬಿಚ್ಚಿದ್ದು ಯಾರು ಹಾಗಾದರೆ? ಅದನ್ನು ಅವಳು ಹೇಳಲಿ.

2.15

ಲಾಂಛನ ಹಾಕಲು ಕೂತೆ. ಮೆಷಿನ್ನಿನ ಲೈಟು ಹಾಕಿದೆ. ಲೈಟಿನ ಬುಡದಲ್ಲಿ ಒಂದು ಕಪ್ಪು ಸ್ಕ್ರೂ. ಮಿಕ್ಕವೆಲ್ಲ ಬೆಳ್ಳಿ ಬಣ್ಣದವು.

ಅಯ್ಯೋ ದೇವರೇ. ಹೋದ ತಿಂಗಳು ಲೈಟು ಜೋತುಬಿದ್ದಾಗ, ಸದ್ಯಕ್ಕೆ ಇರಲಿ ಎಂದು ಕಂಪ್ಯೂಟರಿನಿಂದ ಬಿಚ್ಚಿ ಇಲ್ಲಿ ಹಾಕಿದವಳು ನಾನೇ.

4.00

ಕೀ ಹಿಡಿದು ಹೋದೆ. ಗಿರಾಕಿ ಯಾರೂ ಇರಲಿಲ್ಲ. ತಂಗಿ ಎದ್ದು ಬಂದು ಬಾಗಿಲಲ್ಲೇ ನಿಂತಳು.

“ಇನ್ನೇನು ಕಳೆದಿದೆಯಕ್ಕ? ಬಾ, ಹುಡುಕ್ಕೋ.”

ಪಕ್ಕಕ್ಕೆ ಸರಿದಳು. ವಾಪಸ್ ಬಂದೆ. ನಾಚಿಕೆಗೆಟ್ಟವಳು ನಾನು. ಕೀ ಇನ್ನೂ ನನ್ನ ಹತ್ತಿರವೇ ಇದೆ.

ನಾಳೆ ಅವಳ ಅಂಗಡಿ ತುಂಬಿರುವ ಹೊತ್ತು ನೋಡಿಯೇ ಹೋಗಬೇಕು. ಎಲ್ಲರ ಮುಂದೆಯೇ ಹೇಳಬೇಕು — ಸ್ಕ್ರೂ ಬಿಚ್ಚಿದ್ದು ನಾನೇ.