ಕ್ಯಾರವಾನಿನ ಬಕೆಟ್ಟು

ಜನವರಿ ೨೭, ಭಾನುವಾರ

ಮಧ್ಯಾಹ್ನ ಅಮ್ಮನ ಮನೆಯಲ್ಲಿ ಕುರಿಮಾಂಸದ ಊಟ ಮಾಡಿ ಬಂದೆ. ನನ್ನ ಮೇಲೆ ನನಗೇ ಹೇಸಿಗೆ.

ಅಪ್ಪನ ಎಂಬತ್ತೈದನೇ ಹುಟ್ಟುಹಬ್ಬದ ಊಟ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಳೆಯ ಪುಟ್ಟ ಗಾಲಿಮನೆ, ಆ ಕ್ಯಾರವಾನಿನ ಫೋಟೊವನ್ನು ತಮ್ಮ ರಸೆಲ್ ತಂದಿದ್ದ. ಆಮೇಲೆ ಮಾತೆಲ್ಲ ಅದರದ್ದೇ. ಪ್ರತಿ ಬೇಸಿಗೆ ಸಮುದ್ರದ ದಂಡೆಯಲ್ಲಿ ಮೂರು ವಾರ. ರಾತ್ರಿ ಊಟದ ಮೇಜನ್ನೇ ಇಳಿಸಿ ಹಾಸಿಗೆ ಮಾಡುತ್ತಿದ್ದೆವು. ಹೊದಿಕೆಯ ತುಂಬ ಮರಳು. "ಎಂಥ ಸುಖದ ದಿನಗಳು!" ಎಂದೆ ನಾನು.

"ನಿಮಗೇನು, ಸುಖವಾಗೇ ಇತ್ತು," ಎಂದಳು ಅಮ್ಮ, ತಟ್ಟೆ ಎತ್ತುತ್ತ. "ಆ ಕ್ಯಾರವಾನಲ್ಲಿ ಕಕ್ಕಸೆಲ್ಲಿತ್ತು? ದಿನಾ ಬೆಳಗ್ಗೆ ನಿಮ್ಮೆಲ್ಲರ ಹೇಲಿನ ಬಕೆಟ್ ಹೊತ್ಕೊಂಡು ಹೋಗಿ ಸುರೀತಿದ್ದೋಳು ನಾನು. ಹನ್ನೊಂದು ಬೇಸಿಗೆ. ಒಂದಿನಾನೂ ನೀರಿಗಿಳೀಲಿಲ್ಲ."

"ಒಂದು ಮಾತು ಹೇಳಿದ್ರೆ ನಾನೇ ಹೊರ್ತಿದ್ನಲ್ಲೇ!" ಎಂದ ಅಪ್ಪ. ರಸೆಲ್ ಮೇಜು ಕುಟ್ಟಿ ನಕ್ಕ. ನಾನೂ ನಕ್ಕೆ. ಥೂ.

ಅಮ್ಮ ಬಕೆಟ್ ಹೊರುತ್ತಿದ್ದದ್ದು ನನಗೆ ಆಗಲೇ ಗೊತ್ತಿತ್ತು. ಹತ್ತು ವರ್ಷದವಳಿದ್ದಾಗ ಒಂದು ಬೆಳಗ್ಗೆ, ಪಕ್ಕದ ಡೇರೆಯ ಹುಡುಗಿಯ ಜೊತೆ ನಿಂತಿದ್ದೆ. ಅಮ್ಮ ಬಕೆಟ್ ಹಿಡಿದು ಬರುತ್ತಿದ್ದಳು. ಹುಡುಗಿ ಮೂಗು ಮುಚ್ಚಿಕೊಂಡು, "ಯಾರೇ ಅದು?" ಎಂದಳು.

"ಯಾರಿಗ್ಗೊತ್ತು," ಎಂದೆ.

ಅಮ್ಮ ನಮ್ಮ ಕಡೆ ನೋಡದೆ ದಾಟಿ ಹೋದಳು. ಅವಳಿಗೆ ಕೇಳಿಸಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ಇವತ್ತು ಪಾತ್ರೆ ತೊಳೆಯುವಾಗ ಧೈರ್ಯ ಮಾಡಿ ಬಾಯಿ ತೆರೆದೆ. "ಅಮ್ಮಾ, ಅಲ್ಲಿ ಒಂದ್ಸಲ ಆ ಹುಡುಗಿ ಮುಂದೆ ನಾನು..."

"ಲೊರೇನ್ ಅಂತ ಅವಳ ಹೆಸರು," ಎಂದಳು ಅಮ್ಮ. "ಬಿಡು, ಆ ಲೋಟ ಒರೆಸು."

ಆ ಹೆಸರು ನನಗೇ ಮರೆತುಹೋಗಿತ್ತು.