ಯಾರೋ ಕೂತಿರುವ ಕುರ್ಚಿ

ಆಫೀಸಿನಿಂದ,
ಫೆಬ್ರವರಿ ೮, ಶನಿವಾರ

ನನ್ನ ಪುಟ್ಟಕ್ಕನಿಗೆ,

ಅಮ್ಮನ ಪ್ರೀತಿ, ಅಪ್ಪನ ಪ್ರೀತಿ ಎರಡನ್ನೂ ಒಂದೇ ಲಕೋಟೆಯಲ್ಲಿ ತುಂಬಿ ಕಳಿಸುತ್ತಿದ್ದೇನೆ. ನಿನ್ನ ಮದುವೆಯಾದ ಹೊಸದರಲ್ಲಿ ವಾರಕ್ಕೊಂದು ಕಾಗದ ಬರೆಯುತ್ತಿದ್ದವಳು ಈಗ ತಿಂಗಳುಗಟ್ಟಲೆ ಸುಮ್ಮನಿದ್ದೇನೆ, ಬೈಯಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ ಅನ್ನುತ್ತೀಯ. ಅದು ಮಾತಲ್ಲ ಕಣೇ, ವರದಿ ಒಪ್ಪಿಸುವುದು. ನಾವು ಕಳಿಸಿದವರಲ್ಲಿ ಯಾರು ಕೆಲಸಕ್ಕೆ ಸೇರಿದರು, ಯಾರು ಸೇರಿ ಓಡಿಹೋದರು, ಯಾವ ಕಂಪನಿ ಜನ ಬೇಕು ಅಂತ ಹೊಸದಾಗಿ ಬಂತು. ಇವತ್ತಿನದನ್ನು ಫೋನಿನಲ್ಲಿ ಹೇಳಹೊರಟರೆ ನನ್ನ ದನಿ ನಡುಗುತ್ತದೆ, ನೀನು "ಅಮ್ಮ, ಮತ್ತೆ ಹೆದರಿಕೊಂಡ್ಯಾ?" ಅಂತ ನಗುತ್ತೀಯ. ಕಾಗದದಲ್ಲಾದರೆ ಕೈ ನಡುಗಿದ್ದು ನಿನಗೆ ಗೊತ್ತಾಗುವುದಿಲ್ಲ, ನನ್ನ ಅಕ್ಷರ ಮೊದಲಿಂದಲೂ ಹೀಗೇ ಇದೆ.

ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ರಿಟೈರ್ ಆದಮೇಲೆ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸುವ ಚಟ ಹತ್ತಿದೆ. ಮೊದಲು ಒಂದು ನಲ್ಲಿ ಸೋರುತ್ತಿತ್ತು, ಈಗ ಎಲ್ಲವೂ ಸೋರುತ್ತವೆ. ಆಫೀಸಿನ ಲಿಫ್ಟ್ ಇನ್ನೂ ಕೆಟ್ಟೇ ನಿಂತಿದೆ. ಕೆಲಸ ಕೇಳಿಕೊಂಡು ಬರುವವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಾರೆ, ನಾನು ಮೊದಲು ನೀರು ಕೊಟ್ಟು ಆಮೇಲೆ ಹೆಸರು ಕೇಳುತ್ತೇನೆ. ನಿನ್ನ ಹೊಸ ಬ್ರಾಂಚಿನ ಬೋರ್ಡಿನ ಫೋಟೋ ನೋಡಿದೆವು. ಬಹಳ ಚೆನ್ನಾಗಿದೆ, ನಮ್ಮ ಹಳೆಯದಕ್ಕಿಂತ ದೊಡ್ಡದಿದೆ. ಅಪ್ಪ ಅದನ್ನು ಮೆಟ್ಟಿಲ ಮೇಲೆ ಸಿಕ್ಕಿದವರಿಗೆಲ್ಲ ತೋರಿಸಿ, "ಇದು ಮಗಳದು, ಮೇಲಿರೋದು ಅಮ್ಮಂದು" ಅಂತ ಪರಿಚಯ ಮಾಡಿಸುತ್ತಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಭಯವಾಗಿದೆ, ಪುಟ್ಟಕ್ಕ. ಬರಿಯ ಗಾಬರಿಯಲ್ಲ, ಫೋನ್ ಹೊಡೆದುಕೊಂಡರೆ ಜೀವ ಬಾಯಿಗೆ ಬರುವಂಥ ಭಯ.

ರಟ್ಟಿನ ಡಬ್ಬಿ ಕಾರ್ಖಾನೆಯವರು ಹೋದ ತಿಂಗಳು ಒಂದು ಗುಟ್ಟಿನ ಹುಡುಕಾಟ ಕೊಟ್ಟರು ಅಂತ ಹೇಳಿದ್ದೆನಲ್ಲ. ಸ್ಟೋರ್ಸ್ ಮ್ಯಾನೇಜರ್ ಬೇಕು, ಆದರೆ ಆ ಕುರ್ಚಿಯಲ್ಲಿ ಈಗ ಒಬ್ಬರು ಕೂತಿದ್ದಾರೆ, ಅವರಿಗೆ ಸುಳಿವು ಸಿಗಬಾರದು. ಜಾಹೀರಾತು ಕೊಡುವಂತಿಲ್ಲ, ಕಂಪನಿಯ ಹೆಸರು ಬಾಯಿ ಬಿಡುವಂತಿಲ್ಲ. ಈಗಿರುವವರ ಹೆಸರನ್ನು ನಮಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಂಥ ಕೆಲಸ ನನಗೆ ಮೊದಲಿನಿಂದ ಆಗಿಬರುವುದಿಲ್ಲ. ಕೂತವರ ಬೆನ್ನ ಹಿಂದೆ ನಿಂತು ಕುರ್ಚಿಯ ಅಳತೆ ತೆಗೆದಂತೆ ಅನಿಸುತ್ತದೆ. ಆದರೆ ನೀನು ಹೇಳಿದ್ದೂ ಸರಿಯೇ. ಬರೀ ಗುಮಾಸ್ತರನ್ನೂ ಲೋಡರುಗಳನ್ನೂ ಸೇರಿಸುತ್ತಾ ಕೂತರೆ ನಾವು ಬೆಳೆಯುವುದು ಯಾವಾಗ? ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕಾರ್ಖಾನೆಯದೇ. ಅವರು ಕೈಬಿಟ್ಟರೆ ಇಲ್ಲಿ ಫೋನ್ ಹಿಡಿದು ಕೂತಿರುವ ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕಳಿಸಬೇಕಾಗುತ್ತದೆ. ಅದಕ್ಕೇ ಒಪ್ಪಿಕೊಂಡೆ.

ಫೋನ್ ಮಾಡುವ ಕೆಲಸವನ್ನು, ನೀನೇ ಗಡಿಬಿಡಿ ಅಂತ ಹೆಸರಿಟ್ಟ ನಮ್ಮ ಆಫೀಸಿನ ಹುಡುಗಿಗೆ ಬಿಡು ಅಂತ ನೀನು ನೂರು ಸಲ ಹೇಳಿದ್ದೀಯ. ಆದರೆ ನಮ್ಮ ಗಡಿಬಿಡಿ ಎಂಥವಳೆಂದು ನಿನಗೇ ಗೊತ್ತು, ಆ ಕಡೆಯವರು ಹಲೋ ಅನ್ನುವುದರೊಳಗೆ ಇವಳು ಇಂಟರ್‌ವ್ಯೂ ತಾರೀಕು ಹೇಳಿರುತ್ತಾಳೆ. ಗುಟ್ಟಿನ ಕೆಲಸ ಅಂತ ನಾನೇ ಕೂತು ಹಳೆಯ ಅರ್ಜಿಗಳನ್ನೆಲ್ಲ ಜಾಲಾಡಿದೆ. ಒಬ್ಬರು ಸಿಕ್ಕಿದರು ನೋಡು, ಆ ಕೆಲಸಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಿದ್ದರು. ಟೈರ್ ಕಂಪನಿಯ ಗೋದಾಮು ನೋಡಿಕೊಂಡವರು, ಸರಕು ಹೊರಗೆ ಹೋಗುವುದೂ ಒಳಗೆ ಬರುವುದೂ ಎಲ್ಲ ಬಲ್ಲವರು. ಅರ್ಜಿ ಬಹಳ ಹಳೆಯದು, ಅಲ್ಲಿಂದೀಚೆಗೆ ಏನು ಮಾಡುತ್ತಿದ್ದಾರೋ ಅದರಲ್ಲಿರಲಿಲ್ಲ. ಇರಲಿ, ಕೇಳಿದರಾಯಿತು ಅಂತ ಫೋನ್ ಮಾಡಿದೆ.

ಕೆಲಸದಲ್ಲಿದ್ದೇನೆ, ಹೊರಗೆ ಬಂದು ಮಾತಾಡುತ್ತೇನೆ ಅಂದರು. ಹಿಂದೆ ಗಾಡಿ ಹಿಮ್ಮುಖವಾಗಿ ಬರುವ ಪೀಂ ಪೀಂ ಸದ್ದು ಕೇಳುತ್ತಿತ್ತು. ನಾನು ಕಂಪನಿಯ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಪ್ಯಾಕಿಂಗ್ ಸಾಮಾನು ಮಾಡುವವರು, ಎರಡು ಗೋದಾಮು, ಒಂದಕ್ಕೆ ಹೊಸದಾಗಿ ಕಂಪ್ಯೂಟರ್ ಹಾಕಿದ್ದಾರೆ. ಅವರು ಹೂಂ ಹೂಂ ಅಂತ ಕೇಳಿದರು. ಆಮೇಲೆ ಮೆಲ್ಲಗೆ, ಈಗಿರುವವರಿಗೆ ಏನಾಗಿದೆಯಂತೆ ಅಂದರು. ಗೊತ್ತಿಲ್ಲ ಅನ್ನಬೇಕಾಗಿತ್ತು. ಆದರೆ ಮನುಷ್ಯರು ನಯವಾಗಿ ಮಾತಾಡಿದರೆ ನನ್ನ ನಾಲಿಗೆಗೆ ಲಗಾಮಿಲ್ಲ, ನಿನಗೆ ಗೊತ್ತಲ್ಲ. ಕಾರ್ಖಾನೆಯ ಯಜಮಾನರು ನನಗೆ ಹೇಳಿದ್ದನ್ನೆಲ್ಲ ಹಾಗೇ ಒಪ್ಪಿಸಿಬಿಟ್ಟೆ. ಒಳ್ಳೆಯ ಮನುಷ್ಯರೇ ಅಂತೆ, ಆದರೆ ದಣಿದಿದ್ದಾರೆ. ಕಂಪ್ಯೂಟರ್ ಕಂಡರೆ ದೂರ ಸರಿಯುತ್ತಾರೆ. ಹೆಂಡತಿಗೆ ಕಾಯಿಲೆಯಾದಾಗಿನಿಂದ ಕೆಲಸದ ಮೇಲೆ ಮನಸ್ಸಿಲ್ಲ. ವರ್ಷದ ಕೊನೆಯ ಸರಕಿನ ಎಣಿಕೆ ಮುಗಿಸಿಕೊಂಡು ಕಳಿಸಿಬಿಡುತ್ತಾರೆ, ಪಾಪ.

ಪಾಪ ಅಂತಲೂ ಅಂದೆ, ಪುಟ್ಟಕ್ಕ.

ಅದಕ್ಕೆ ಅವರು ಹೇಳಿದರು: "ಅವರ ಹೆಂಡತಿಗೆ ಈಗ ವಾಸಿಯಾಗಿದೆ, ಮೇಡಂ."

ಫೋನ್ ಇಟ್ಟರು. ಇವರಿಗೆ ಹೇಗೆ ಗೊತ್ತು, ಸ್ನೇಹಿತರಿರಬೇಕು ಅಂತ ಯೋಚಿಸುತ್ತಾ ಕೂತೆ ನಾನು, ಪೆದ್ದಿ. ಆಮೇಲೆ ಅರ್ಥವಾಯಿತು. ಹೊಸ ಕೆಲಸ ಹುಡುಕುವ ಯೋಚನೆಯೇ ಇಲ್ಲದವರು ಹಳೆಯ ಅರ್ಜಿಯನ್ನು ಯಾಕೆ ತಿದ್ದುತ್ತಾರೆ? ಆ ಮನುಷ್ಯನ ಕುರ್ಚಿಯನ್ನು ಆ ಮನುಷ್ಯನಿಗೇ ಬಣ್ಣಿಸಿ, ಅವರನ್ನು ಯಾಕೆ ತೆಗೆಯುತ್ತಾರೆ ಅನ್ನುವುದನ್ನೂ ಅವರ ಕಿವಿಗೇ ಹಾಕಿದ್ದೆ.

ತಿರುಗಿ ಫೋನ್ ಮಾಡಿದೆ, ಎತ್ತಲಿಲ್ಲ. ಅವರು ನೆಟ್ಟಗೆ ಯಜಮಾನರ ಕೋಣೆಗೆ ಹೋದರೆ? ಆ ರಸ್ತೆಯಲ್ಲಿ ಎಷ್ಟು ಕಾರ್ಖಾನೆಗಳಿವೆಯೋ ಅಷ್ಟಕ್ಕೂ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ, ಆಮೇಲೆ ನಮ್ಮನ್ನು ಯಾರು ನಂಬುತ್ತಾರೆ? ಇದು ಒಂದು ಭಯ. ಇನ್ನೊಂದು ಭಯ ಬೇರೆಯದು, ಅದನ್ನು ಬರೆಯಲು ಕೈ ಬರುವುದಿಲ್ಲ. ಕಾಯಿಲೆಯಿಂದ ಎದ್ದ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡ ಮನುಷ್ಯ ಇಂಥ ಮಾತು ಕೇಳಿ ಏನಾದರೂ ಮಾಡಿಕೊಂಡರೆ? ಊಟ ಸೇರಲಿಲ್ಲ. ಅಪ್ಪ ಏನಾಯಿತು ಅಂತ ಕೇಳಿದರೆ ನಲ್ಲಿ ಸೋರುತ್ತಿದೆ ಅಂದೆ.

ಗಡಿಬಿಡಿ ಬಾಗಿಲು ತಟ್ಟುತ್ತಿದ್ದಾಳೆ, ಯಾರೋ ಬಂದಿದ್ದಾರಂತೆ. ಆಮೇಲೆ ಮುಂದುವರಿಸುತ್ತೇನೆ.

ಮಂಗಳವಾರ

ಶನಿವಾರ ಬಂದವರು ಬೇರೆ ಯಾರೋ, ಲಿಫ್ಟ್ ರಿಪೇರಿಯವರು. ಅವರನ್ನು ನೋಡಿ ನಾನು ಬೆವತಿದ್ದನ್ನು ಕಂಡು ಪಾಪ ಅವರೇ ಹೆದರಿದರು. ಲಿಫ್ಟನ್ನೂ ನೋಡಿ ಹೋದರು, ಸರಿಯಾಗಲಿಲ್ಲ.

ನಿನ್ನೆ ಬೆಳಿಗ್ಗೆ ತಡೆಯಲಾರದೆ ಕಾರ್ಖಾನೆಗೇ ಹೋದೆ. ಹೊಸ ಲೋಡರುಗಳ ಕಾಗದಪತ್ರ ಕೊಡುವ ನೆಪ ಮಾಡಿಕೊಂಡೆ. ಯಾವಾಗಲೂ ಮುಂಬಾಗಿಲಿನಿಂದ ಮೇಲಿನ ಆಫೀಸಿಗೆ ಹೋಗಿ ಬರುವವಳು ಈ ಸಲ ಹಿಂದುಗಡೆ ಗೋದಾಮಿನ ಗೇಟಿಗೆ ಹೋಗಿ, ಲೋಡರುಗಳು ಎಲ್ಲಿದ್ದಾರೆ ಅಂತ ಕಾವಲಿನವನನ್ನು ಕೇಳಿದೆ. ರಟ್ಟಿನ ಬಂಡಲುಗಳ ಹಿಂದಿನಿಂದ ಒಬ್ಬರು ಎದ್ದು ನಿಂತರು. ನನ್ನ ಮುಖ ಅವರು ಯಾವತ್ತೂ ನೋಡಿದವರಲ್ಲ, ದನಿಯಿಂದಲೇ ಹಿಡಿದುಬಿಟ್ಟರು. ತೆಳ್ಳಗಿನ ಮನುಷ್ಯ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಕೂಗಾಡುತ್ತಾರೆ ಅಂತ ಕಾದೆ. ಅವರು ತಮ್ಮ ಮೇಜಿನ ಹತ್ತಿರ ಕರೆದು, ಒಂದೇ ಒಂದು ಕುರ್ಚಿಯಿತ್ತು, ಅದರ ಧೂಳು ಒರೆಸಿ ನನಗೆ ಕೊಟ್ಟು ತಾವು ನಿಂತರು. ನನಗೆ ಅಲ್ಲಿ ಕೂರುವುದೂ ಕಷ್ಟ, ಕೂರದಿರುವುದೂ ಕಷ್ಟ.

ತಪ್ಪಾಯಿತು ಅಂದೆ. ಅವರು ಸುತ್ತ ನೋಡಿ, ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ ಅಂದರು. ಹೆಂಡತಿ ಈಗಷ್ಟೇ ತಾವಾಗಿ ಎದ್ದು ಓಡಾಡುತ್ತಿದ್ದಾರಂತೆ. ಬೇರೆ ಕಡೆ ಕೆಲಸ ನೋಡೋಣ, ನಾನಿದ್ದೇನೆ ಅಂತ ನಾನು ಏನೇನೋ ಬಡಬಡಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಈ ಕೆಲಸಕ್ಕೆ ನೀವು ನಾಲ್ಕಾರು ಹೆಸರು ಕಳಿಸ್ತೀರಲ್ಲ ಮೇಡಂ, ಅದರಲ್ಲಿ ನನ್ನದೂ ಕಳಿಸಿ," ಅಂದರು. "ಬೇರೆಯವರನ್ನ ಕೇಳೋ ಪ್ರಶ್ನೆಗಳನ್ನೇ ನನ್ನನ್ನೂ ಕೇಳಲಿ. ಆಮೇಲೂ ಬೇಡ ಅನ್ನಿಸಿದ್ರೆ ನನ್ನ ಮುಖ ನೋಡಿ ಹೇಳಲಿ."

ಕಂಪ್ಯೂಟರ್ ವಿಷಯ ಏನು ಮಾಡುತ್ತೀರಿ ಅಂದೆ. ಯಾರೂ ಕಲಿಸಲೇ ಇಲ್ಲ, ತರಬೇತಿ ಇದ್ದ ವಾರ ಆಸ್ಪತ್ರೆಯಲ್ಲಿದ್ದೆ ಅಂದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವರ ಹೆಸರು ಕಳಿಸಿದರೆ ಗುಟ್ಟು ಹೊರಬಿದ್ದದ್ದು ನನ್ನಿಂದಲೇ ಅಂತ ನಾನೇ ಬರೆದುಕೊಟ್ಟಂತೆ. ಕಳಿಸದಿದ್ದರೆ ಆ ಮನುಷ್ಯ ವರ್ಷದ ಕೊನೆಯ ಎಣಿಕೆಯನ್ನು ಎಲ್ಲ ಗೊತ್ತಿದ್ದೂ ಮಾಡಿ ಮುಗಿಸಿ, ಮನೆಗೆ ಹೋಗಬೇಕು.

ನೀನಾದರೆ ಏನು ಹೇಳುತ್ತಿದ್ದೆ ಅಂತ ಬಹಳ ಯೋಚಿಸಿದೆ. ಸುಮ್ಮನಿರಮ್ಮ, ಅವರೂ ಸುಮ್ಮನಿದ್ದಾರಲ್ಲ, ಅನ್ನುತ್ತಿದ್ದೆ. ವ್ಯವಹಾರಕ್ಕೆ ಅದೇ ಸರಿ. ನಾನು ಇವತ್ತು ಬೆಳಿಗ್ಗೆ ಅವರ ಹೆಸರು ಕಳಿಸಿಬಿಟ್ಟೆ. ಎಲ್ಲರಿಗಿಂತ ಮೇಲೆ ಅವರದನ್ನೇ ಬರೆದೆ. ನಿನ್ನನ್ನು ಕೇಳದೆ ಮಾಡಿದೆ, ನೀನೂ ಸಮಪಾಲುಗಾರ್ತಿ, ಕೇಳಬೇಕಾಗಿತ್ತು. ಕೇಳಿದ್ದರೆ ಧೈರ್ಯ ಉಡುಗಿಹೋಗುತ್ತಿತ್ತು.

ಊಟದ ಹೊತ್ತಿಗೆ ಯಜಮಾನರೇ ಫೋನ್ ಮಾಡಿದರು. ಇದೇನು ತಮಾಷೆ ಅಂದರು. ತಮಾಷೆಯಲ್ಲ ಸಾರ್, ಅರಿಯದೆ ಅವರಿಗೇ ಫೋನ್ ಮಾಡಿದೆ, ತಪ್ಪು ನನ್ನದು, ಅವರದೇನೂ ಇಲ್ಲ ಅಂದೆ. ನೀವು ಕೊಟ್ಟ ಅಳತೆಗೆ ಸರಿಹೊಂದಿದವರಲ್ಲಿ ಅವರೇ ಮೊದಲು, ತರಬೇತಿಯೊಂದು ಬಾಕಿ ಇದೆ ಅಂತಲೂ ಅಂದೆ. ಅವರು ಫೋನ್ ಇಟ್ಟರು. ಅಲ್ಲಿಂದ ಈಚೆಗೆ ಸುದ್ದಿಯಿಲ್ಲ. ಗಡಿಬಿಡಿ ಆ ಕಾರ್ಖಾನೆಯ ಲೋಡರುಗಳ ವಿಷಯಕ್ಕೆ ಮಧ್ಯಾಹ್ನದಿಂದ ಫೋನ್ ಮಾಡುತ್ತಿದ್ದಾಳೆ, ಅಲ್ಲಿ ಯಾರೂ ಎತ್ತುತ್ತಿಲ್ಲ. ನಾನು ಪ್ರತಿ ಸಲವೂ ಅವಳ ಮುಖ ನೋಡುತ್ತೇನೆ, ಅವಳು ಇಲ್ಲ ಅಂತ ತಲೆಯಾಡಿಸುತ್ತಾಳೆ. ಅವರು ಕೈಬಿಟ್ಟರೆ ನಿನ್ನ ಹೊಸ ಬ್ರಾಂಚಿಗೂ ಪೆಟ್ಟು ಬೀಳುತ್ತದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆದೆ. ಕೋಪ ಬಂದರೆ ಕೋಪ ಮಾಡಿಕೋ, ಆದರೆ ಗಡಿಬಿಡಿಯ ಮೇಲಲ್ಲ, ಅವಳಿಗೇನೂ ಗೊತ್ತಿಲ್ಲ.

ಅಳಿಯಂದಿರಿಗೆ ನಮ್ಮಿಬ್ಬರ ನೆನಪು ಹೇಳು. ಹೊಸ ಆಫೀಸಿನಲ್ಲಿ ಏಸಿಯ ಕೆಳಗೆ ಕೂರಬೇಡ, ಮೊದಲೇ ನಿನಗೆ ನೆಗಡಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮುಟ್ಟಿದ್ದೆಲ್ಲ ಬೆಳೆಯಲಿ, ಬೆಳೆದದ್ದು ನಿನಗೆ ಭಾರವಾಗದಿರಲಿ, ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ ಮಗಳೇ.

ನಿನ್ನ
ಅಮ್ಮ

ತಾ.ಕ.: ಹೆಸರು ಕಳಿಸುವ ಧೈರ್ಯ ಎಲ್ಲಿಂದ ಬಂತು ಅಂತ ನೀನು ಕೇಳುತ್ತೀಯ. ನಿನ್ನೆ ಕಾರ್ಖಾನೆಯಿಂದ ವಾಪಸಾಗಿ ಮೆಟ್ಟಿಲು ಹತ್ತುತ್ತಿರುವಾಗ ನನಗೂ ಒಂದು ಫೋನ್ ಬಂತು. ಯಾರೋ ಹುಡುಗ, ತುಂಬ ಮರ್ಯಾದೆಯಿಂದ ಮಾತಾಡಿದ. ನಾನು ಹಿಂದೆ ನೌಕರಿಯಲ್ಲಿದ್ದಾಗಿನ ಅರ್ಜಿ ಅವನಿಗೆಲ್ಲೋ ಸಿಕ್ಕಿತಂತೆ. ಜನರನ್ನು ಕೆಲಸಕ್ಕೆ ಸೇರಿಸುವ ಒಂದು ಸಣ್ಣ ಸಂಸ್ಥೆ, ಈಚೆಗೆ ಎರಡನೇ ಬ್ರಾಂಚ್ ತೆರೆದಿದೆ, ಹಳೆಯ ಆಫೀಸನ್ನು ನಡೆಸಲು ಅನುಭವಸ್ಥರು ಬೇಕು ಅಂದ. ಲಿಫ್ಟ್ ಕೆಟ್ಟಿದೆ, ಸರಿಮಾಡಿಸುತ್ತಾರೆ ಅಂತಲೂ ಹೇಳಿದ. ಈಗಿರುವವರಿಗೆ ಏನಾಗಿದೆ ಅಂತ ನಾನೂ ಕೇಳಿದೆ. ಎಲ್ಲದಕ್ಕೂ ಹೆದರುತ್ತಾರಂತೆ, ಫೋನುಗಳನ್ನೆಲ್ಲ ತಾವೇ ಮಾಡುತ್ತಾರಂತೆ, ಅವರಿದ್ದರೆ ಸಂಸ್ಥೆ ಬೆಳೆಯುವುದಿಲ್ಲವಂತೆ. ಮನೆಯವರೇ ಆದ್ದರಿಂದ ನೋವಾಗದಂತೆ ಆಮೇಲೆ ಹೇಳುತ್ತಾರಂತೆ. ಆ ಈಗಿರುವವಳು ನಾನೇ ಅಂತ ಅವನಿಗೆ ಹೇಳಲಿಲ್ಲ, ಅವನನ್ನು ಬೈಯಬೇಡ. ಬರುವ ಸೋಮವಾರ ಇಂಟರ್‌ವ್ಯೂ ಅಂದ, ಬರುತ್ತೇನೆ ಅಂದಿದ್ದೇನೆ. ಎದುರಿಗೆ ನೀನು ಕೂತಿರುತ್ತೀಯ ಅಂತ ಗೊತ್ತು. ಬರುವುದು ಬೇಡ ಅನ್ನುವುದಾದರೆ ನೀನೇ ಫೋನ್ ಮಾಡಿ ಹೇಳು ಪುಟ್ಟಕ್ಕ, ಆ ಹುಡುಗನಿಂದ ಹೇಳಿಸಬೇಡ.